ಸಂಘದೊಳಗೆ ಮಾತಿನ ದಾರಿಗಳು

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ಪಾಠಕ್ಕೆ ಕೊಟ್ಟಿರುವ ಹೆಸರು 'ಸಂಸ್ಥೆಯೊಳಗಿನ ಸಂವಹನದ ವಿಧಗಳು'. ಹೆಸರು ಕೇಳಿ ಹೆದರಬೇಡಿ. ಸಂವಹನ ಅಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುವುದು. ಅದು ಬಾಯಿಂದ ಆಡಿದ್ದಾಗಬಹುದು, ಕಾಗದದಲ್ಲಿ ಬರೆದಿದ್ದಾಗಬಹುದು, ಬಾಯಿ ಬಿಡದೆ ಮುಖದಲ್ಲೇ ತೋರಿಸಿದ್ದಾಗಬಹುದು. ಸಂಸ್ಥೆ ಅಂದರೆ ಕಚೇರಿ, ಕಾರ್ಖಾನೆಯೇ ಆಗಬೇಕಾಗಿಲ್ಲ. ಹತ್ತರಿಂದ ಇಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಚಾಪೆ ಹಾಸಿ ಕೂತು, ಉಳಿತಾಯ ಕಟ್ಟಿ, ಲೆಕ್ಕ ಬರೆದು, ಠರಾವು ಮಾಡಿ ಏಳುತ್ತೇವಲ್ಲ, ಅದೂ ಸಂಸ್ಥೆಯೇ.

ನಮ್ಮ ಸಂಘಗಳಲ್ಲಿ ಹಣದ ದಾರಿ ಚೊಕ್ಕಟವಾಗಿದೆ. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಇಷ್ಟು ವರ್ಷಗಳಲ್ಲಿ ಓದು ಬಾರದ ಅಜ್ಜಿಯೂ ಯಾರ ಕಂತು ಎಷ್ಟು ಬಾಕಿ ಎಂದು ಬಾಯಲ್ಲೇ ಹೇಳುವಷ್ಟು ಕಲಿತಿದ್ದಾಳೆ. ಹಣದ ದಾರಿ ಹೀಗಿದ್ದರೆ ಮಾತಿನ ದಾರಿ ಹೇಗಿದೆ?

2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಲೆಕ್ಕ ಹೇಳುತ್ತೇನೆ. ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಕಂಡವರು. ಇಡೀ ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನೂರಕ್ಕೆ 77 ಮಂದಿ ಯಾರ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಲ್ಲ. ತಾಯಿಗೂ ಇಲ್ಲ, ಗೆಳತಿಗೂ ಇಲ್ಲ. ಊರೂರಿಗೆ ಸಂಘಗಳಿರುವ ಕಾಲದ ಲೆಕ್ಕ ಇದು. ಅಂದರೆ ನಮ್ಮ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ಕಂತು ಕಟ್ಟಿ, ಏನೂ ಹೇಳದೆ ಎದ್ದು ಹೋದವರೂ ಅವರಲ್ಲಿ ಇದ್ದಾರು. ಹಾಗಾಗಿ ಸಂವಹನದ ಪಾಠವನ್ನು ನಾನು ಈ 77 ಮಂದಿಯನ್ನು ಮುಂದಿಟ್ಟುಕೊಂಡೇ ಮಾಡುತ್ತೇನೆ.

ಮೇಲಿನಿಂದ ಕೆಳಕ್ಕೆ

ಮೊದಲನೆಯ ದಾರಿ ಮೇಲಿನಿಂದ ಕೆಳಕ್ಕೆ ಇಳಿಯುವುದು. ಬ್ಯಾಂಕಿನಿಂದ, ಇಲಾಖೆಯಿಂದ, ಒಕ್ಕೂಟದಿಂದ ಪ್ರತಿನಿಧಿಗೆ, ಪ್ರತಿನಿಧಿಯಿಂದ ಸದಸ್ಯೆಯರಿಗೆ. 'ನಾಳೆ ಹನ್ನೊಂದಕ್ಕೆ ಬ್ಯಾಂಕಿಗೆ ಬನ್ನಿ', 'ಆಧಾರ್ ಪ್ರತಿ ತನ್ನಿ', 'ಸಾಹೇಬರು ಬರುತ್ತಾರೆ, ಎಲ್ಲರೂ ಒಂದೇ ಬಣ್ಣದ ಸೀರೆ ಉಟ್ಟು ಬನ್ನಿ.' ಈ ದಾರಿ ಎಲ್ಲ ಸಂಘಗಳಲ್ಲೂ ಸರಾಗವಾಗಿದೆ. ಇದು ಬೇಕು ಕೂಡ. ಸಾಲದ ಬಡ್ಡಿ ಎಷ್ಟು, ವಿಮೆ ಏನು ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಬಾರದು.

ಆದರೆ ಇದೊಂದೇ ದಾರಿ ಇದ್ದರೆ ಪ್ರತಿನಿಧಿ ಟಪಾಲಿನವಳಾಗುತ್ತಾಳೆ, ಸದಸ್ಯೆಯರು ಅಪ್ಪಣೆ ಕೇಳುವವರಾಗುತ್ತಾರೆ. ಮನೆಯಲ್ಲಿ ಗಂಡನ ಅಪ್ಪಣೆ, ಅತ್ತೆಯ ಅಪ್ಪಣೆ ಕೇಳಿ ಬಂದವಳು ಇಲ್ಲೂ ಅಪ್ಪಣೆಯನ್ನೇ ಕೇಳಿದರೆ ಅವಳು ತನ್ನ ಮಾತು ತೆಗೆಯುವುದು ಎಲ್ಲಿ?

ಕೆಳಗಿನಿಂದ ಮೇಲಕ್ಕೆ

ಎರಡನೆಯದು ಸದಸ್ಯೆಯಿಂದ ಪ್ರತಿನಿಧಿಗೆ, ಅಲ್ಲಿಂದ ಒಕ್ಕೂಟಕ್ಕೆ, ಪಂಚಾಯಿತಿಗೆ, ಇಲಾಖೆಗೆ ಏರುವ ದಾರಿ. ಇದು ಕಟ್ಟಿಕೊಂಡಿರುವುದೇ ಹೆಚ್ಚು. ಪ್ರತಿನಿಧಿ ಗಂಡನ ಕಡೆಯ ನೆಂಟಳಾಗಿರುತ್ತಾಳೆ. ಸಭೆ ನಡೆಯುವುದು ಊರ ಯಜಮಾನರ ಜಗುಲಿಯ ಮೇಲೆ. ಬಾಯಿ ಬಿಟ್ಟರೆ 'ಮನೆಯ ಮಾತು ಬೀದಿಗೆ ತಂದಳು' ಎಂಬ ಹೆಸರು. ಎಲ್ಲಕ್ಕಿಂತ ಮುಖ್ಯವಾಗಿ, ಸಭೆಯಲ್ಲಿ ಮೊದಲು ಕೇಳುವುದೇ 'ಕಂತು ತಂದೆಯಾ?' ಎಂದು. ಹಣದಿಂದ ಶುರುವಾದ ಸಭೆ ಹಣದಲ್ಲೇ ಮುಗಿಯುತ್ತದೆ.

ನಾನು ಹೋಗುತ್ತಿದ್ದ ಒಂದು ಸಂಘದ ವಿಷಯ ಹೇಳುತ್ತೇನೆ. ಊರ ಹೆಸರು, ಅವಳ ಹೆಸರು ಬೇಡ. ಅಲ್ಲಿ ಒಬ್ಬಳು ನಾಲ್ಕು ವಾರ ಸಭೆಗೆ ಬರಲಿಲ್ಲ. ಮಗನ ಕೈಯಲ್ಲಿ ಕಂತು ಮಾತ್ರ ತಪ್ಪದೆ ಬರುತ್ತಿತ್ತು. ಪುಸ್ತಕದಲ್ಲಿ ಅವಳ ಲೆಕ್ಕ ಸರಿಯಾಗಿತ್ತು, ಆದ್ದರಿಂದ ಯಾರೂ ಕೇಳಲಿಲ್ಲ. ಐದನೆಯ ವಾರ ಪಕ್ಕದ ಮನೆಯವಳು ಹುಡುಗನನ್ನು 'ಅಮ್ಮ ಎಲ್ಲಪ್ಪ?' ಎಂದಳು. 'ಅಮ್ಮನ ಕೈ ಮುರಿದಿದೆ' ಎಂದಿತು ಮಗು. ವಿಚಾರಿಸಿದರೆ, ಗಂಡ ಸಂಘದಿಂದ ಇನ್ನೊಂದು ಸಾಲ ತರುವಂತೆ ಹೊಡೆದಿದ್ದ. ಮದುವೆಯಾದ ಹೊಸದರಲ್ಲಿ 'ತವರಿನಿಂದ ತಾ' ಎನ್ನುತ್ತಿದ್ದವನು ತವರು ಬರಿದಾದ ಮೇಲೆ 'ಸಂಘದಿಂದ ತಾ' ಎನ್ನುತ್ತಿದ್ದ.

ಈ ಮಾತನ್ನು ಗಮನಿಸಿ. ವರದಕ್ಷಿಣೆ ಮದುವೆಯ ದಿನಕ್ಕೆ ಮುಗಿಯುವುದಿಲ್ಲ, ಅದು ಹೊಸ ಬಾಗಿಲು ಹುಡುಕುತ್ತದೆ. ನಮ್ಮ ಸಂಘವೂ ಅದಕ್ಕೆ ಒಂದು ಬಾಗಿಲಾಗಬಹುದು. ಅವಳು ಸಭೆಗೆ ಬಾರದೆ ಹೋದದ್ದೇ ನಾಲ್ಕು ವಾರ ನಮಗೆ ಹೇಳುತ್ತಿದ್ದ ಮಾತು. ಬಾರದಿರುವುದು, ಬಿಸಿಲಲ್ಲೂ ಮೈತುಂಬ ಸೆರಗು ಹೊದ್ದು ಕೂರುವುದು, ಗಂಡನ ಹೆಸರು ಬಂದಾಗ ಸುಮ್ಮನಾಗುವುದು, ಇದ್ದಕ್ಕಿದ್ದಂತೆ ದೊಡ್ಡ ಸಾಲ ಕೇಳುವುದು: ಇವೆಲ್ಲವೂ ಸಂವಹನವೇ. ಹಾಜರಿ ಪುಸ್ತಕ ನೋಡುವಾಗ ದಂಡ ಹಾಕುವುದಕ್ಕೆ ಮೊದಲು ಕಾರಣ ಕೇಳಿ. ಎರಡು ವಾರ ಬಾರದವಳ ಮನೆಗೆ ಇಬ್ಬರು ಹೋಗಿ ಬರಬೇಕು ಎಂದು ಠರಾವು ಮಾಡಿಕೊಳ್ಳಿ.

ಅಕ್ಕಪಕ್ಕಕ್ಕೆ

ಮೂರನೆಯದು ಸಮಾನರ ನಡುವಿನ ಮಾತು. ಸದಸ್ಯೆಯಿಂದ ಸದಸ್ಯೆಗೆ, ಸಂಘದಿಂದ ಸಂಘಕ್ಕೆ, ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಕಾರ್ಯಕರ್ತೆಗೆ. ನಲ್ಲಿಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ, ಕಳೆ ಕೀಳುವ ಸಾಲಿನಲ್ಲಿ ಈ ಮಾತು ನಡೆಯುತ್ತದೆ. ಮೇಲಕ್ಕೆ ಹೇಳಲಾಗದ್ದನ್ನು ಹೆಂಗಸರು ಪಕ್ಕದವಳಿಗೆ ಹೇಳುತ್ತಾರೆ.

ಇಲ್ಲಿ ನಮಗೆ ದೊಡ್ಡ ಶಕ್ತಿ ಇದೆ, ಅದನ್ನು ನಾವು ಬಳಸುತ್ತಿಲ್ಲ. ನಮ್ಮೂರ ಹೆಣ್ಣು ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾಳೆ. ಅಲ್ಲಿ ಅವಳಿಗೆ ಯಾರೂ ಇಲ್ಲ. ಆದರೆ ಆ ಊರಲ್ಲೂ ಸಂಘ ಇದೆ. ತವರೂರಿನ ಸಂಘ ಆ ಸಂಘದ ಪ್ರತಿನಿಧಿಗೆ 'ನಮ್ಮ ಮಗಳು ನಿಮ್ಮೂರಿಗೆ ಬಂದಿದ್ದಾಳೆ, ಆಗಾಗ ಮಾತಾಡಿಸಿ' ಎಂದು ಒಂದು ಮಾತು ಹೇಳಿದರೆ ಸಾಕು. 'ಈ ಹುಡುಗಿಯ ಹಿಂದೆ ಜನ ಇದ್ದಾರೆ' ಎಂಬುದು ಅತ್ತೆಮನೆಗೂ ತಿಳಿಯುತ್ತದೆ. ಒಕ್ಕೂಟದ ಸಭೆಯಲ್ಲಿ ಸಾಲದ ಲೆಕ್ಕ ಓದಿದ ಮೇಲೆ, ಯಾವ ಊರಿನ ಮಗಳು ಯಾವ ಊರಿಗೆ ಹೋದಳು ಎಂದೂ ಕೇಳಿ. ಪ್ರತಿನಿಧಿಗಳ ಫೋನ್ ನಂಬರು ಪರಸ್ಪರ ಇಟ್ಟುಕೊಳ್ಳಿ.

ಗಾಳಿಮಾತು

ಯಾರೂ ಕಲಿಸದೆ, ಯಾರೂ ಕರೆಯದೆ ಹರಡುವುದು ಗಾಳಿಮಾತು. ಇದಕ್ಕೆ ಎರಡು ಮುಖ. 'ರಾತ್ರಿ ಆ ಮನೆಯಿಂದ ಕೂಗು ಕೇಳಿಸಿತು' ಎಂಬ ಸುದ್ದಿ ನಮಗೆ ಮೊದಲು ಮುಟ್ಟುವುದು ಇದರಿಂದಲೇ. 'ಅವಳದ್ದೂ ಬಾಯಿ ಜಾಸ್ತಿ, ಸುಮ್ಮನೆ ಹೊಡೀತಾನಾ?' ಎಂದು ಅವಳ ಬಾಯಿ ಮುಚ್ಚಿಸುವುದೂ ಇದೇ.

ನಾನು ಹೇಳುವುದಿಷ್ಟು. ಗಾಳಿಮಾತು ನಮ್ಮನ್ನು ಅವಳ ಮನೆಯವರೆಗೆ ಕರೆದುಕೊಂಡು ಹೋಗಲಿ. ಅಲ್ಲಿಂದ ಮುಂದೆ ಅವಳ ಮಾತೇ ಮಾತು. ಕೇಳುವಾಗ ಒಬ್ಬಳೇ ಇದ್ದಾಗ ಕೇಳಿ. 'ಯಾಕೆ ಹೊಡೆದ?' ಎನ್ನಬೇಡಿ, ಹಾಗೆ ಕೇಳಿದರೆ ಅವಳು ತನ್ನ ತಪ್ಪು ಹುಡುಕತೊಡಗುತ್ತಾಳೆ. 'ಪೆಟ್ಟಾಗಿದೆಯಾ? ಈಗ ಮನೆಯಲ್ಲಿರಲು ಭಯವಾ? ಮಕ್ಕಳು ಹೇಗಿದ್ದಾರೆ? ನಾವೇನು ಮಾಡಬೇಕು ಹೇಳು' ಎನ್ನಿ. ಅವಳು 'ಏನಿಲ್ಲ ಅಕ್ಕಾ' ಎಂದರೆ ಬಲವಂತ ಬೇಡ. ಬಾಗಿಲು ತೆರೆದಿಟ್ಟು ಬನ್ನಿ. ಮತ್ತೆ ಹೋಗಿ.

ಈಗ ವಾಟ್ಸಾಪ್ ಗುಂಪು ಬಂದಿದೆ. ಸಭೆಯ ದಿನ ತಿಳಿಸಲು ಅನುಕೂಲ. ಆದರೆ ಎಷ್ಟೋ ಮನೆಗಳಲ್ಲಿ ಹೆಂಡತಿಯ ಫೋನು ಗಂಡನ ಕೈಯಲ್ಲಿರುತ್ತದೆ. 'ನಿನ್ನೆ ಠಾಣೆಗೆ ಹೋಗೋದು ಏನಾಯ್ತು?' ಎಂದು ಒಂದು ಸಾಲು ಹಾಕಿದರೆ ಅದನ್ನು ಮೊದಲು ಓದುವವನು ಅವನೇ. ಅಂಥ ವಿಷಯ ಮುಖ ನೋಡಿಯೇ ಮಾತಾಡಿ.

ಬರಹ

ಕೊನೆಯದು ಬರೆದ ಮಾತು. ನಾವು ಬರಹವನ್ನು ಬಹಳ ನಂಬುತ್ತೇವೆ. ಆದರೆ ಬರಹವೂ ಸುಳ್ಳು ಹೇಳುತ್ತದೆ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ಸುಟ್ಟು ಸತ್ತ ಹೆಣ್ಣುಮಕ್ಕಳ ಕಡತಗಳನ್ನು ಹುಡುಕಿ ನೋಡಿದರು. 'ಸ್ಟೌ ಸಿಡಿದು', 'ಅಡುಗೆ ಮಾಡುವಾಗ ಆಕಸ್ಮಿಕ', 'ಹೊಟ್ಟೆನೋವು ತಾಳಲಾರದೆ' ಎಂದು ಬರೆದು ಮುಚ್ಚಿದ ಕಡತಗಳು ಮತ್ತೆ ಮತ್ತೆ ಸಿಕ್ಕವು.

ಅದು ಪೊಲೀಸರ ಪುಸ್ತಕ. ನಮ್ಮ ಪುಸ್ತಕ ನೋಡೋಣ. 'ಸಾಲದ ಉದ್ದೇಶ: ಹೈನುಗಾರಿಕೆ' ಎಂದು ಬರೆದಿದೆ. ಹಸು ಎಲ್ಲಿ? ಕೊಟ್ಟಿಗೆಯಲ್ಲಿ ಇಲ್ಲ. ಆ ಹಣ ಮಗಳ ಮದುವೆಯಲ್ಲಿ ಅಳಿಯನ ಬೈಕಾಗಿದೆ. ಎಲ್ಲರಿಗೂ ಗೊತ್ತು, ಬರೆದವರಿಗೂ ಗೊತ್ತು. ಹೀಗೆ ವರದಕ್ಷಿಣೆ ನಮ್ಮ ಲೆಕ್ಕಪುಸ್ತಕದೊಳಗೇ ಹಸುವಿನ ವೇಷ ಹಾಕಿ ಕೂತಿದೆ. 1961ರ ಕಾಯಿದೆಯಂತೆ ವರದಕ್ಷಿಣೆ ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಅಪರಾಧ. ಸಾಲ ಕೇಳಿದ ತಾಯಿಯನ್ನು ಅವಮಾನ ಮಾಡಿ ಎಂದು ನಾನು ಹೇಳುತ್ತಿಲ್ಲ. ಮದುವೆಗೆ ಮೊದಲೇ ಸಂಘದಲ್ಲಿ ಬಾಯಿಬಿಟ್ಟು ಮಾತಾಡಿದರೆ, 'ಗಂಡಿನವರು ಏನು ಕೇಳಿದ್ದಾರೆ? ನಾವೂ ಬಂದು ಮಾತಾಡಲಾ?' ಎಂದು ಕೇಳಲು ಅವಕಾಶ ಇರುತ್ತದೆ. ಹಸು ಎಂದು ಬರೆದ ಮೇಲೆ ಆ ಅವಕಾಶ ಹೋಯಿತು.

ಇನ್ನು ಯಾವುದನ್ನು ಬರೆಯಬೇಕು, ಯಾವುದನ್ನು ಬರೆಯಬಾರದು ಎಂಬ ವಿಷಯ. ಪೆಟ್ಟು ತಿಂದವಳು ನಂಬಿ ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಡಿ. ಆ ಪುಸ್ತಕವನ್ನು ಬ್ಯಾಂಕಿನವರು, ಲೆಕ್ಕ ತಪಾಸಣೆಯವರು, ಕೆಲವೆಡೆ ಪ್ರತಿನಿಧಿಯ ಗಂಡನೂ ಓದುತ್ತಾನೆ. 'ಸದಸ್ಯೆಯೊಬ್ಬರಿಗೆ ನೆರವಾಗಲು ಇಬ್ಬರನ್ನು ನೇಮಿಸಲಾಯಿತು' ಎಂದಷ್ಟೇ ಬರೆದರೆ ಸಾಕು. ಉಳಿದದ್ದು ಬೇರೆ ಹಾಳೆಯಲ್ಲಿ ಇರಲಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಹೊಡೆದರು, ಏನು ಕೇಳಿ ಹೊಡೆದರು, ಯಾರು ನೋಡಿದರು, ಯಾವ ಆಸ್ಪತ್ರೆಗೆ ಹೋದಳು. ಅವಳ ಒಪ್ಪಿಗೆ ಪಡೆದು, ಅವಳ ಮಾತಲ್ಲೇ ಬರೆದು, ಅವಳು ನಂಬುವವರ ಹತ್ತಿರ ಇಡಿ.

ಇದು ಯಾಕೆ ಬೇಕು? ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಸುಟ್ಟುಕೊಂಡೋ, ಗಾಯದಿಂದಲೋ, ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮೊದಲು ವರದಕ್ಷಿಣೆಗಾಗಿ ಗಂಡನೋ ಅವನ ಕಡೆಯವರೋ ಹಿಂಸೆ ಕೊಟ್ಟಿದ್ದರೆ ಅದು ವರದಕ್ಷಿಣೆ ಸಾವು. ಹಳೆಯ 304-ಬಿ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೆಯ ಕಲಮು. 'ಸಾವಿಗೆ ಸ್ವಲ್ಪ ಮೊದಲು' ಎಂಬುದನ್ನು ನ್ಯಾಯಾಲಯದಲ್ಲಿ ತೋರಿಸಬೇಕು. ಸತ್ತವಳು ಬಂದು ಹೇಳುವುದಿಲ್ಲ. ಹೆಂಗಸೊಬ್ಬಳು ಸಾಯುವ ಮುಂಚೆ ಬರೆದ ಕಾಗದ, ಆಪ್ತರಿಗೆ ಹೇಳಿಕೊಂಡ ಮಾತು ಅವಳ ಸಾವಿಗೆ ಕಾರಣವಾದ ಸಂದರ್ಭವನ್ನು ತಿಳಿಸಿದರೆ ಅದನ್ನೂ ಸಾಕ್ಷ್ಯವಾಗಿ ನೋಡಬಹುದು ಎಂದು ಸುಪ್ರೀಂ ಕೋರ್ಟು 1984ರಲ್ಲೇ ಹೇಳಿದೆ. ಆ ಮೊಕದ್ದಮೆಯಲ್ಲಿ ಉಳಿದ ಪುರಾವೆ ಸಾಲದೆ ಆರೋಪಿಗೆ ಬಿಡುಗಡೆಯಾಯಿತು ಎಂಬುದನ್ನೂ ನೆನಪಿಡಿ. ಒಂದು ಕಾಗದ ಎಲ್ಲವನ್ನೂ ಮಾಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವಳು ಬದುಕಿರುವಾಗಲೇ ಆ ಕಾಗದ ಕೆಲಸ ಮಾಡಬೇಕು.

ಬದುಕಿರುವಾಗ ಎರಡು ದಾರಿಗಳಿವೆ. ಒಂದು ಪೊಲೀಸ್ ಠಾಣೆ. 1983ರಲ್ಲಿ ಬಂದ 498-ಎ ಈಗ ನ್ಯಾಯ ಸಂಹಿತೆಯ 85ನೆಯ ಕಲಮು. ಇದರಡಿ ಪೊಲೀಸರು ನೇರವಾಗಿ ಕೇಸು ಹಾಕಬೇಕಾದರೆ ದೂರನ್ನು ಅವಳೇ ಅಥವಾ ಅವಳ ಸಂಬಂಧಿಕರು ಕೊಡಬೇಕು. ನಾವು ಜೊತೆಗೆ ಹೋಗಬಹುದು, ಬರೆದುಕೊಡಬಹುದು. 'ಕರೆಸಿ ಬುದ್ಧಿ ಹೇಳುತ್ತೇವೆ, ಹೋಗಿ' ಎಂಬ ಬಾಯಿಮಾತಿಗೆ ಎದ್ದು ಬರಬೇಡಿ. ದೂರಿನ ಒಂದು ಪ್ರತಿಗೆ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಎಫ್‌ಐಆರ್ ಆದರೆ ಅದರ ಪ್ರತಿ ಉಚಿತವಾಗಿ ಕೊಡಬೇಕು. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು, ಕಾನೂನಿನಲ್ಲೇ ಅವಕಾಶ ಇದೆ.

ಇನ್ನೊಂದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯಿದೆ. ಇದರ 4ನೆಯ ಕಲಮು ನಮಗಾಗಿಯೇ ಬರೆದಂತಿದೆ. ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೂ, ಅಂದರೆ ನಾವು ಸಿಡಿಪಿಒ ಎನ್ನುವವರಿಗೂ, ಈ ಹೊಣೆ ಇದೆ. ಸಂಘದ ಸಭೆಗೆ, ಅಂಗನವಾಡಿಗೆ ಬರುವ ಅದೇ ಇಲಾಖೆ. ಮೇಲಿನಿಂದ ಸುತ್ತೋಲೆ ಕಳಿಸುವ ಕಚೇರಿಗೆ ಕೆಳಗಿನಿಂದ ನಾವೂ ಒಂದು ಕಾಗದ ಕಳಿಸಬಹುದು. ಅದಕ್ಕೆ ಮೊದಲು ಅವಳನ್ನು ಕೇಳಿ, ಅವಳ ಕ್ಷೇಮ ನೋಡಿ. ಜೀವಕ್ಕೆ ಅಪಾಯವಿದ್ದರೆ ಕಾಗದಕ್ಕೆ ಕಾಯಬೇಡಿ. 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181.

ಗೆಳತಿಯರೇ, ಊರಿಗೆ ಹೋದ ಮೇಲೆ ಮುಂದಿನ ಸಭೆಯಲ್ಲೇ ನಾಲ್ಕು ಕೆಲಸ ಮಾಡಿ. ಹಣದ ಪೆಟ್ಟಿಗೆ ತೆರೆಯುವ ಮೊದಲು ಹತ್ತು ನಿಮಿಷ ಬರೀ ಮಾತಿಗೆ ಇಡಿ. ಸಭೆಯ ಜಾಗ ಎಲ್ಲರೂ ಬಾಯಿ ಬಿಡುವಂಥದ್ದೇ ಎಂದು ನೋಡಿ, ಅಲ್ಲದಿದ್ದರೆ ಬದಲಾಯಿಸಿ. ಗುಟ್ಟು ಕಾಯಬಲ್ಲ ಇಬ್ಬರನ್ನು ಎಲ್ಲರೂ ಸೇರಿ ಆರಿಸಿ, 'ಏನಿದ್ದರೂ ಇವರಿಗೆ ಹೇಳಬಹುದು' ಎಂದು ತಿಳಿಸಿ. ನಿಮ್ಮ ತಾಲ್ಲೂಕಿನ ಸಂರಕ್ಷಣಾಧಿಕಾರಿ ಯಾರು, ಕಚೇರಿ ಎಲ್ಲಿ ಎಂದು ವಿಚಾರಿಸಿ ಪ್ರತಿಯೊಬ್ಬರ ಪಾಸ್‌ಪುಸ್ತಕದ ಹಿಂದೆ ಬರೆದುಕೊಡಿ. ಓದು ಬಾರದವರಿಗೆ 181 ಎಂಬ ಮೂರು ಅಂಕಿ ಬಾಯಿಪಾಠ ಮಾಡಿಸಿ.

ಆ ದಿನ ಯಾರು ಬಂದಿಲ್ಲ ಎಂದು ನೋಡಿ. ಅವಳ ಕಂತು ಬಂದಿದ್ದರೂ ಸರಿ, ಸಭೆ ಮುಗಿಸಿ ಇಬ್ಬರು ಅವಳ ಮನೆಯ ಕಡೆಗೆ ನಡೆಯಿರಿ.