ಸಂಡೂರಿನಿಂದ ಕಂಡ ನೆಪೋಲಿಯನ್



ಸಾಮ್ರಾಟರ ಏಳುಬೀಳಿನ ಕುರಿತ ವಿಚಾರ ಸಂಕಿರಣವೆಂದರೆ ಹಂಪಿ ಪಕ್ಕದಲ್ಲೇ ಇದೆಯಲ್ಲ, ಅದನ್ನು ಬಿಟ್ಟು ಕಾರ್ಸಿಕಾ ದ್ವೀಪದಲ್ಲಿ ಹುಟ್ಟಿದ ನೆಪೋಲಿಯನ್ನನನ್ನು ಈ ಸಂಡೂರು ಕಣಿವೆಗೆ ಏಕೆ ಎಳೆದು ತರುತ್ತೀರಿ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಅವನು ಭಾರತದ ನೆಲ ತುಳಿಯಲಿಲ್ಲ. ಬಳ್ಳಾರಿಯ ಹೆಸರನ್ನು ಕೇಳಿದ್ದನೋ ಇಲ್ಲವೋ. ಆದರೂ ಇಲ್ಲಿನ ನಕ್ಷೆ ಬದಲಾದದ್ದರಲ್ಲಿ ಅವನ ಪಾಲಿದೆ. ಅವನ ಸೋಲಿನಲ್ಲಿ ಈ ಸೀಮೆಯ ಎತ್ತುಗಳ ಪಾಲೂ ಇದೆ ಎಂದರೆ ನಗಬೇಡಿ, ಆ ಮಾತಿಗೆ ಬರುತ್ತೇನೆ.

ಪಠ್ಯಪುಸ್ತಕದ ನೆಪೋಲಿಯನ್ ನಮಗೆಲ್ಲ ಗೊತ್ತು. 1769ರಲ್ಲಿ ಜನನ, 1804ರ ಡಿಸೆಂಬರ್ 2ರಂದು ಪ್ಯಾರಿಸ್ಸಿನಲ್ಲಿ ಕಿರೀಟ, ಮರುವರ್ಷ ಅದೇ ದಿನ ಆಸ್ಟರ್‌ಲಿಟ್ಜ್‌ನ ಗೆಲುವು, 1812ರಲ್ಲಿ ರಷ್ಯಾದ ದುರಂತ, 1815ರ ಜೂನ್ 18ರಂದು ವಾಟರ್ಲೂ, 1821ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಸಾವು. ಹತ್ತು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಕೋಚಿಂಗ್ ಸೆಂಟರುಗಳ ಗೋಡೆಗಳಿಗಂತೂ ‘ಅಸಾಧ್ಯ’ದ ಬಗ್ಗೆ ಅವನು ಆಡಿದನೆನ್ನುವ ಒಂದೇ ಮಾತು ಸಾಕಾಗಿದೆ. ನಾವು ಈ ಎರಡು ದಿನ ಆ ದಾರಿಯಲ್ಲಿ ಹೋಗುವುದು ಬೇಡ.

1798ರಿಂದ ಶುರು ಮಾಡೋಣ. ಆ ವರ್ಷ ಜನವರಿಯಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಲಾರ್ತಿಕ್ ಒಂದು ಜಾಹೀರು ಹೊರಡಿಸಿದ. ಮೈಸೂರಿನ ಟಿಪ್ಪು ಸುಲ್ತಾನ ಸ್ನೇಹ ಬೇಡಿದ್ದಾನೆ, ಅವನ ಸೈನ್ಯ ಸೇರುವವರು ಮುಂದೆ ಬನ್ನಿ ಎಂದು. ಗುಟ್ಟಾಗಿ ಇರಬೇಕಾದ ರಾಯಭಾರ ಹೀಗೆ ಬೀದಿಗೆ ಬಂತು. ಕಡೆಗೆ ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು ಜನ. ಕಲ್ಕತ್ತೆಯಲ್ಲಿ ಆಗ ತಾನೇ ಗವರ್ನರ್ ಜನರಲ್ ಆಗಿ ಬಂದಿದ್ದ ರಿಚರ್ಡ್ ವೆಲ್ಲೆಸ್ಲಿಗೆ ಆ ನೂರು ಜನರೇ ಬೇಕಾದಷ್ಟಾದರು. ಅದೇ ವರ್ಷ ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ. ಆಗಸ್ಟಿನ ಮೊದಲ ದಿನವೇ ಇಂಗ್ಲಿಷ್ ನೌಕಾಧಿಪತಿ ನೆಲ್ಸನ್ ಅಬೂಕೀರ್ ಕೊಲ್ಲಿಯಲ್ಲಿ ಅವನ ನೌಕಾಪಡೆಯನ್ನು ನಾಶ ಮಾಡಿದ್ದರಿಂದ ಭಾರತದತ್ತ ಬರುವ ದಾರಿ ಅಲ್ಲಿಗೇ ಮುಚ್ಚಿತ್ತು. ಹಡಗಿಲ್ಲದೆ ಅರಬ್ಬೀ ಸಮುದ್ರ ದಾಟಲಾಗದು ಎಂಬುದು ವೆಲ್ಲೆಸ್ಲಿಗೂ ತಿಳಿಯದ್ದೇನಲ್ಲ. ಆದರೆ ಅಪಾಯ ತಗ್ಗಿದರೂ ಅದರ ಹೆಸರಿನ ಭಯ ಉಳಿದಿತ್ತು, ಯುದ್ಧಕ್ಕೆ ಅಷ್ಟು ಸಾಕಿತ್ತು.

1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದ. ಅಪಾರ ಸೈನ್ಯದೊಡನೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ನಂಬಿಗಸ್ತನೊಬ್ಬನನ್ನು ಸೂಯೆಜ್‌ಗೋ ಕೈರೋಗೋ ಕಳಿಸು ಎಂಬುದು ಅದರ ಸಾರ. ಪತ್ರ ಜಿದ್ದಾದಲ್ಲಿ ಇಂಗ್ಲಿಷರ ಕೈಗೆ ಬಿತ್ತು. ಅದು ಶ್ರೀರಂಗಪಟ್ಟಣ ತಲುಪಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮೇ 4ರಂದು ಟಿಪ್ಪು ಕೋಟೆಯೊಳಗೆ ಹೋರಾಡುತ್ತ ಮಡಿದಾಗ, ಪತ್ರ ಬರೆದವನು ಪ್ಯಾಲೆಸ್ತೀನಿನ ಅಕ್ಕಾ ಕೋಟೆಯ ಮುಂದೆ ಸಿಕ್ಕಿಬಿದ್ದಿದ್ದ. ಅದೇ ತಿಂಗಳಲ್ಲಿ ಮುತ್ತಿಗೆ ಎತ್ತಿ ಹಿಂದಿರುಗಿದ. ಅವನಿನ್ನೂ ಸಾಮ್ರಾಟನೂ ಆಗಿರಲಿಲ್ಲ. ಅವನ ಏಳಿಗೆ ಯುರೋಪಿನಲ್ಲಿ ಮುಗಿಲು ಮುಟ್ಟುವ ಮೊದಲೇ ಕನ್ನಡ ನಾಡಿನಲ್ಲಿ ಅದರ ಬೆಲೆ ತೆತ್ತಾಗಿತ್ತು.

ಟಿಪ್ಪುವಿನ ರಾಜ್ಯ ಹಂಚಿಹೋಯಿತು. ಹೈದರಾಬಾದಿನ ನಿಜಾಮನ ಪಾಲಿಗೆ ಬಂದ ಸೀಮೆಯನ್ನು ಅವನು 1800ರಲ್ಲಿ ಸೈನ್ಯದ ಖರ್ಚಿಗೆಂದು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ, ಹೊಸಪೇಟೆ, ಕಂಪ್ಲಿ ಹೀಗೆ ದತ್ತಮಂಡಲಕ್ಕೆ ಸೇರಿದವು. ಥಾಮಸ್ ಮನ್ರೋ 1800ರಿಂದ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರ್ ಆಗಿ ಪಾಳೆಯಗಾರರನ್ನು ಹತ್ತಿಕ್ಕಿ, ಹೊಲ ಅಳೆಸಿ, ರೈತವಾರಿ ಪದ್ಧತಿ ಊರಿದ. ಅದರ ಕುರಿತೇ ಇಲ್ಲೊಂದು ಗೋಷ್ಠಿಯಿರುವುದರಿಂದ ನಾನು ಅಲ್ಲಿ ನಿಲ್ಲುವುದಿಲ್ಲ.

ನನಗೆ ಹೆಚ್ಚು ಕುತೂಹಲವಿರುವುದು ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿಯಲ್ಲಿ. 1799ರ ಏಪ್ರಿಲ್‌ನಲ್ಲಿ ಸುಲ್ತಾನಪೇಟೆಯ ತೋಪಿನಲ್ಲಿ ರಾತ್ರಿ ಕತ್ತಲಲ್ಲಿ ದಾರಿತಪ್ಪಿ ಪೆಟ್ಟು ತಿಂದವನು ಇವನು. ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಆಡಳಿತ ಇವನ ಕೈಗೆ ಬಂತು. ಸೆರೆಯಿಂದ ತಪ್ಪಿಸಿಕೊಂಡ ಚನ್ನಗಿರಿಯ ಧೋಂಡಿಯಾ ವಾಘ್ ತನ್ನನ್ನು ಎರಡೂ ಲೋಕಗಳ ಒಡೆಯನೆಂದು ಸಾರಿಕೊಂಡು ದಂಡು ಕಟ್ಟಿದಾಗ, ಅವನ ಬೆನ್ನು ಹತ್ತುವ ಕೆಲಸವೂ ಇವನದೇ. 1800ರ ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿ, ಮಳೆಗಾಲವಿಡೀ ಓಡಾಡಿ, ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಅವನನ್ನು ಮುಗಿಸಿದ.

ಈ ಬೆನ್ನಟ್ಟುವಿಕೆಯಲ್ಲಿ ವೆಲ್ಲೆಸ್ಲಿಯ ತಲೆ ತಿಂದದ್ದು ಶತ್ರುವಿನ ಕತ್ತಿಗಿಂತ ತನ್ನದೇ ಸೈನ್ಯದ ಹೊಟ್ಟೆ. ಆಗ ಅವನ ಬಲವೆಂದರೆ ಎರಡು. ಒಂದು, ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬಂದು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಎತ್ತುಗಳು. ತೋಪು ಎಳೆದುಕೊಂಡು ದೂರದ ಪಯಣವನ್ನು ಬಿರುಸಾಗಿ ಮಾಡಬಲ್ಲ ತಳಿ. ಎರಡು, ಹೇರೆತ್ತುಗಳ ಮೇಲೆ ದವಸ ಹೊತ್ತು ದಂಡಿನ ಜೊತೆ ನಡೆಯುತ್ತಿದ್ದ ಲಂಬಾಣಿಗಳು. ಅಂದಿನ ಇಂಗ್ಲಿಷ್ ಪತ್ರಗಳಲ್ಲಿ ‘ಬ್ರಿಂಜಾರಿ’ಗಳೆಂದು ಮತ್ತೆ ಮತ್ತೆ ಕಾಣಿಸುವವರು ಇವರೇ. ಬೆಲೆ ಸರಿಯಾಗಿ ಸಿಕ್ಕರೆ ಯಾವ ದಂಡಿಗೂ ಮಾರುತ್ತಿದ್ದರು. ಅವರು ಬಾರದಿದ್ದರೆ ಪಡೆ ನಿಂತಲ್ಲೇ ನಿಲ್ಲಬೇಕು. ಆ ದಿನಗಳ ವೆಲ್ಲೆಸ್ಲಿಯ ಕಾಗದಗಳನ್ನು ಓದಿ ನೋಡಿ. ಪರಾಕ್ರಮದ ಮಾತು ಕಡಿಮೆ; ಅಕ್ಕಿ, ಎತ್ತು, ದೋಣಿ, ಸೇತುವೆಗಳ ಮಾತೇ ಹೆಚ್ಚು. ಸಂಡೂರಿನ ತಾಂಡಾಗಳ ಹೆಣ್ಣುಮಕ್ಕಳ ಕಸೂತಿ ಇಂದು ದೇಶವಿದೇಶಕ್ಕೆ ಹೋಗುತ್ತಿದೆ, ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ಅವರ ಹಿರಿಯರು ಸೈನ್ಯಗಳನ್ನು ಸಾಕಿದ ಇತಿಹಾಸಕ್ಕೆ ಇನ್ನೂ ಸರಿಯಾದ ಒಂದು ಅಧ್ಯಾಯ ಸಿಕ್ಕಿಲ್ಲ ಎನ್ನುವುದು ನನ್ನ ದೂರು.

ಈಗ ನೆಪೋಲಿಯನ್ ಕಡೆಗೆ ತಿರುಗಿ. ಅವನ ಸೈನ್ಯ ಗೆದ್ದ ನೆಲದಲ್ಲೇ ಉಣ್ಣುತ್ತಿತ್ತು. ಇಟಲಿ, ಜರ್ಮನಿಯಂಥ ತುಂಬಿದ ಸೀಮೆಗಳಲ್ಲಿ ಅದು ಅವನಿಗೆ ವೇಗ ಕೊಟ್ಟಿತು, ಬಡ ಸೀಮೆಗಳಲ್ಲಿ ಅದೇ ಉರುಳಾಯಿತು. 1810ರಲ್ಲಿ ಪೋರ್ಚುಗಲ್ಲಿನ ಟೋರೆಸ್ ವೆದ್ರಾಸ್ ಕೋಟೆಸಾಲಿನ ಹಿಂದೆ ಆರ್ಥರ್ ವೆಲ್ಲೆಸ್ಲಿ ಸುಮ್ಮನೆ ಕುಳಿತ. ಅಷ್ಟರಲ್ಲಿ ಅವನು ವೆಲ್ಲಿಂಗ್ಟನ್ ಎನಿಸಿಕೊಂಡಿದ್ದ. ಎದುರಿಗಿದ್ದ ಫ್ರೆಂಚ್ ದಂಡನಾಯಕ ಮಸೇನಾನ ಪಡೆ ತಿಂಗಳುಗಟ್ಟಲೆ ಹಸಿದು 1811ರ ಮಾರ್ಚ್‌ನಲ್ಲಿ ಹಿಂದೆ ಸರಿಯಿತು. 1812ರಲ್ಲಿ ಸುಮಾರು 6 ಲಕ್ಷ ಸೈನ್ಯ ರಷ್ಯಾಕ್ಕೆ ನುಗ್ಗಿತಲ್ಲ, ಅದನ್ನು ಹಿಮ ಕೊಂದಿತು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದು ಅರ್ಧಸತ್ಯ. ಮಾಸ್ಕೋ ಮುಟ್ಟುವ ಮೊದಲೇ, ಬೇಸಿಗೆಯ ಬಿಸಿಲಿನಲ್ಲೇ, ಹಸಿವು, ಟೈಫಸ್ ಜ್ವರ ಮತ್ತು ಓಡಿಹೋಗುವಿಕೆಗಳಿಂದ ಮುಖ್ಯ ಸೈನ್ಯದ ಅರ್ಧಕ್ಕಿಂತ ಹೆಚ್ಚು ಕರಗಿತ್ತು. ಮೇವಿಲ್ಲದೆ ಕುದುರೆಗಳು ಸಾಲುಸಾಲಾಗಿ ಸತ್ತವು. ವೆಲ್ಲಿಂಗ್ಟನ್‌ನನ್ನು ನೆಪೋಲಿಯನ್ ‘ಸಿಪಾಯಿ ಜನರಲ್’ ಎಂದು ಹಂಗಿಸುತ್ತಿದ್ದನೆಂಬ ಮಾತು ಪ್ರಸಿದ್ಧ. ನಮ್ಮ ದಾರಿಗಳಲ್ಲಿ ಕಲಿತ ಸಿಪಾಯಿ ವಿದ್ಯೆ ಎಷ್ಟು ದೂರ ಹೋಯಿತು ನೋಡಿ. ಸ್ಪೇನಿನ ಯುದ್ಧದಲ್ಲಿದ್ದಾಗ ವೆಲ್ಲಿಂಗ್ಟನ್ ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಹಲುಬಿದ್ದನ್ನು ಮೈಸೂರು ಗ್ಯಾಸೆಟಿಯರ್ ಹೆಮ್ಮೆಯಿಂದ ದಾಖಲಿಸಿದೆ. ವಾಟರ್ಲೂವನ್ನು ಅಮೃತಮಹಲ್ ಗೆದ್ದಿತು ಎಂದು ನಾನೇನೂ ಹೇಳುತ್ತಿಲ್ಲ. ಅಲ್ಲಿ ಬ್ಲೂಷರ್‌ನ ಪ್ರಷ್ಯನ್ ಸೈನ್ಯ ಹೊತ್ತಿಗೆ ಬಾರದಿದ್ದರೆ ಎಲ್ಲ ಲೆಕ್ಕವೂ ತಲೆಕೆಳಗಾಗುತ್ತಿತ್ತು.

ಇನ್ನು ಸಂಡೂರು. ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನವನ್ನು ಟಿಪ್ಪುವಿನ ತಂದೆ ಹೈದರ್ ನುಂಗಿದ್ದ. ಇದೇ ಮನೆತನದ ಗುತ್ತಿಯ ಮುರಾರಿರಾವ್ ಅವನ ಸೆರೆಯಲ್ಲಿ ಕಬ್ಬಾಳದುರ್ಗದಲ್ಲಿ ಸತ್ತ. 1790ರಲ್ಲಿ ಘೋರ್ಪಡೆಗಳು ಟಿಪ್ಪುವಿನ ಕಾವಲುಪಡೆಯನ್ನು ಇಲ್ಲಿಂದ ಓಡಿಸಿದರು. ಆಮೇಲೆ ಕಾಟ ಬಂದದ್ದು ಪುಣೆಯಿಂದ. ವಾಟರ್ಲೂ ನಡೆದ 1815ರಲ್ಲೇ ಎರಡನೆಯ ಬಾಜಿರಾಯ ಪೇಶ್ವೆ ಇಲ್ಲಿನ ಕುಮಾರಸ್ವಾಮಿಯ ದರ್ಶನದ ನೆಪದಲ್ಲಿ ದಂಡಿನೊಡನೆ ಬಂದ. ಸಂಡೂರಿನ ದೊರೆ ಶಿವರಾವ್ ಘೋರ್ಪಡೆ ಕಣಿವೆಯ ದಾರಿಗಳನ್ನು ಕಟ್ಟಿ, ಕೆಲವೇ ಪರಿವಾರದವರೊಡನೆ ಬಂದು ಸ್ವಾಮಿಯ ದರ್ಶನ ಮಾಡಿಕೊಂಡು ಹೋಗಿ ಎಂದ. ನಾಲ್ಕೂ ಕಡೆ ಬೆಟ್ಟವಿದ್ದರೆ ಬಡ ದೊರೆಗೂ ಎಂಥ ದನಿ ಬರುತ್ತದೆ!

ಆ ದನಿ ಬಹುಕಾಲ ನಿಲ್ಲಲಿಲ್ಲ. ನೆಪೋಲಿಯನ್ ಸೆರೆಯಾದ ಮೇಲೆ ಭಾರತದಲ್ಲಿ ಕಂಪನಿಗೆ ಎದುರು ನಿಲ್ಲಬಲ್ಲ ಯುರೋಪಿನ ಶಕ್ತಿಯೇ ಉಳಿಯಲಿಲ್ಲ. ಮಾರಿಷಸ್ 1810ರಲ್ಲೇ ಹೋಗಿತ್ತು, ಜಾವಾ 1811ರಲ್ಲಿ. ಹಂಪಿಯ ನಕ್ಷೆಯನ್ನು ಮೊದಲು ಬರೆದ ಕಾಲಿನ್ ಮೆಕೆಂಜಿ ಕೂಡ ಜಾವಾದ ಆ ದಂಡಯಾತ್ರೆಗೆ ಹೋದವನೇ. ಇತ್ತ ಪೇಶ್ವೆಯೊಡನೆ ಹಿಂದೆ ಮಾಡಿದ್ದ ಒಪ್ಪಂದಕ್ಕೆ ಕಟ್ಟುಬಿದ್ದ ಕಂಪನಿ 1817ರ ಅಕ್ಟೋಬರ್‌ನಲ್ಲಿ ಸಂಡೂರನ್ನು ವಶಪಡಿಸಿಕೊಳ್ಳಲು ಮನ್ರೋನನ್ನು ಕಳಿಸಿತು. ಶಿವರಾವ್ ಹೋರಾಡದೆ ಒಪ್ಪಿಸಿದ. ವಾರ ಕಳೆದಿತ್ತೋ ಏನೋ, ನವೆಂಬರ್ 5ರಂದು ಖಡ್ಕಿಯಲ್ಲಿ ಪೇಶ್ವೆಯೇ ಕಂಪನಿಯ ಮೇಲೆ ಬಿದ್ದ. ಯಾರಿಗಾಗಿ ಸಂಡೂರನ್ನು ಕಿತ್ತುಕೊಂಡಿದ್ದರೋ ಅವನೇ ವೈರಿಯಾದ. 1818ರಲ್ಲಿ ಮನ್ರೋನ ಶಿಫಾರಸಿನ ಮೇಲೆ ಶಿವರಾವ್‌ಗೆ ಸಂಸ್ಥಾನ ಮರಳಿ ಬಂತು. 1826ರಲ್ಲಿ ಸನ್ನದು ದೊರೆತಾಗ ಮದ್ರಾಸಿನ ಗವರ್ನರ್ ಕೂಡ ಇದೇ ಮನ್ರೋ. ಪೇಶ್ವೆ ಪಿಂಚಣಿ ತೆಗೆದುಕೊಂಡು ಬಿಠೂರಿಗೆ ಹೋದ. ನೆಪೋಲಿಯನ್ನನನ್ನು ಇಟ್ಟಿದ್ದ ಸೇಂಟ್ ಹೆಲೆನಾವೂ ಈಸ್ಟ್ ಇಂಡಿಯಾ ಕಂಪನಿಯ ಸ್ವತ್ತೇ. 1805ರಲ್ಲಿ ಭಾರತದಿಂದ ಊರಿಗೆ ಮರಳುವಾಗ ಆರ್ಥರ್ ವೆಲ್ಲೆಸ್ಲಿ ಅದೇ ದ್ವೀಪದಲ್ಲಿ ತಂಗಿದ್ದ. ಸಾಮ್ರಾಟರನ್ನೂ ಪೇಶ್ವೆಗಳನ್ನೂ ಹೀಗೆ ಒಂದು ವ್ಯಾಪಾರದ ಕೋಠಿ ತನ್ನ ದಫ್ತರದಲ್ಲಿ ಸೇರಿಸಿಕೊಂಡಿತು. ಸಂಡೂರು ಮಾತ್ರ ಸಂಸ್ಥಾನವಾಗಿ 1949ರವರೆಗೆ ಉಳಿಯಿತು.

ಸಂಕಿರಣದಿಂದ ನಾನು ಬಯಸುವುದು ಇಷ್ಟು. ಮನ್ರೋ ಶಿವರಾವ್‌ನ ಪರವಾಗಿ ನಿಂತದ್ದು ಕರುಣೆಯಿಂದಲೋ, ದತ್ತಮಂಡಲದ ನಡುವೆ ಒಬ್ಬ ಋಣಿ ದೊರೆ ಇರಲಿ ಎಂಬ ಲೆಕ್ಕದಿಂದಲೋ? ಎರಡೂ ವಾದಗಳು ಇಲ್ಲಿ ಬರಲಿ. ಘೋರ್ಪಡೆಗಳ ಕಾಲವನ್ನು ಅಭ್ಯಾಸ ಮಾಡುವವರು ಇಂಗ್ಲಿಷ್ ಗ್ಯಾಸೆಟಿಯರ್ ಒಂದನ್ನೇ ನೆಚ್ಚದೆ ಮರಾಠಿಯ ಮೋಡಿ ಲಿಪಿ ಕಲಿಯಲಿ. ತಾಂಡಾಗಳ ಹಿರಿಯರಿಂದ ಹೇರೆತ್ತಿನ ಕಾಲದ ದಾರಿಗಳ ಹೆಸರನ್ನು ಈಗಲೇ ಬರೆದುಕೊಳ್ಳಿ. ಹರಿಹರದಿಂದ ಕೋನಗಲ್ಲಿನವರೆಗೆ ವೆಲ್ಲೆಸ್ಲಿಯ ದಂಡು ಉಂಡದ್ದು ಯಾರ ಹೊಲದ ಜೋಳ ಎಂಬುದು ಅದರಿಂದ ತಿಳಿದೀತು.