ಪೀಡೆಯ ಬಗೆಗಳು

ದುರ್ಬಲನನ್ನು ಪೀಡಿಸುವ ಮಕ್ಕಳು ಎಲ್ಲ ದೇಶದ ಶಾಲೆಗಳಲ್ಲಿಯೂ ಉಂಟು. ಆದರೆ ಪೀಡೆಯ ರೀತಿಯಲ್ಲಿ ಆಯಾ ಸಮಾಜದ ರೀತಿಯೇ ತೋರುತ್ತದೆ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವಸತಿಶಾಲೆಗಳಲ್ಲಿ ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಆಳುಗಳಂತೆ ದುಡಿಸಿಕೊಳ್ಳುತ್ತಿದ್ದರು. ‘ಫ್ಯಾಗಿಂಗ್’ ಎಂಬ ಈ ಪದ್ಧತಿಗೆ ಶಾಲೆಯ ಸಮ್ಮತಿಯೂ ಇತ್ತು. ಅಲ್ಲಿ ಪೀಡಕನಾರೆಂಬುದು ಸ್ಪಷ್ಟ.

ಜಪಾನಿನ ‘ಇಜಿಮೆ’ ಹಾಗಲ್ಲ. ಅಲ್ಲಿ ಅನೇಕ ವೇಳೆ ತರಗತಿಯೇ ಒಟ್ಟಾಗಿ ಒಬ್ಬನನ್ನು ಹೊರಗಿಡುತ್ತದೆ. ಇದರಲ್ಲಿ ನನಗೆ ಆ ನಾಡಿನ ಹಳ್ಳಿಗಳ ಹಳೆಯ ಬಹಿಷ್ಕಾರ, ‘ಮುರಾಹಾಚಿಬು’ವಿನ ನೆರಳು ಕಾಣುತ್ತದೆ. ಬಹಿಷ್ಕೃತನ ಮನೆಗೂ ಬೆಂಕಿ ಬಿದ್ದರೆ, ಸಾವು ಬಂದರೆ ಊರು ನೆರವಾಗುತ್ತಿತ್ತೆಂದು ಪ್ರತೀತಿ. 1985ರಲ್ಲಿ ಟೋಕಿಯೋದ ಶಾಲೆಯೊಂದರ ಮಕ್ಕಳಾದರೋ ಬದುಕಿದ್ದ ಸಹಪಾಠಿಗೇ ಉತ್ತರಕ್ರಿಯೆಯ ಅಣಕವಾಡಿದರು. ಸಂತಾಪದ ಹಾಳೆಗೆ ನಾಲ್ವರು ಅಧ್ಯಾಪಕರೂ ರುಜು ಹಾಕಿದ್ದರು. 1986ರ ಫೆಬ್ರವರಿಯಲ್ಲಿ ಆ ಬಾಲಕ ಆತ್ಮಹತ್ಯೆ ಮಾಡಿಕೊಂಡ.

2013ರಲ್ಲಿ ಜಪಾನು ಇಜಿಮೆಯ ತಡೆಗೆ ಕಾನೂನನ್ನೇ ಮಾಡಿತು. ಆದರೆ ಒಬ್ಬ ಪೀಡಕನನ್ನು ದಂಡಿಸಬಹುದು. ತರಗತಿಯೇ ಪೀಡಕನಾದರೆ ದಂಡನೆ ಯಾರಿಗೆ? ಅಲ್ಲಿ ಬೇಕಾದುದು ಹೊರಗಾದವನನ್ನು ಮೊದಲು ಮಾತನಾಡಿಸುವ ಒಂದು ಮಗು, ಅದಕ್ಕೆ ಬೆಂಬಲವಾಗಿ ನಿಲ್ಲುವ ಒಬ್ಬ ಗುರು.

ನಾವು ಇದನ್ನೆಲ್ಲ ‘ಮಕ್ಕಳ ಕೀಟಲೆ’ ಎಂದು ಸುಮ್ಮನಾಗುತ್ತೇವೆ. ಟೋಕಿಯೋದ ಆ ಅಧ್ಯಾಪಕರೂ ಅದನ್ನು ತಮಾಷೆಯೆಂದೇ ತಿಳಿದಿದ್ದರಂತೆ.