ಗೋಲು ಕಾಯುವವನ ತಾಳ್ಮೆ

ಸಂಜೆ ಜಯನಗರದ ಶಾಲಿನಿ ಮೈದಾನದಲ್ಲೋ, ಬನಶಂಕರಿಯ ನಿಮ್ಮ ಶಾಲೆಯ ಅಂಗಳದಲ್ಲೋ ಫುಟ್‌ಬಾಲ್ ಆಡಲು ತಂಡ ಕಟ್ಟುವಾಗ ಒಂದು ಪ್ರಶ್ನೆ ಏಳುತ್ತದೆ: "ಗೋಲಿಗೆ ಯಾರು ನಿಲ್ತೀರೋ?" ಎಲ್ಲರೂ ಸುಮ್ಮನಾಗುತ್ತೀರಿ. ಕೊನೆಗೆ ತಂಡದ ಚಿಕ್ಕವನನ್ನು ಅಲ್ಲಿ ನಿಲ್ಲಿಸುತ್ತೀರಿ. ಯಾರಿಗೂ ಬೇಡವಾದ ಆ ಜಾಗವನ್ನೇ ವೃತ್ತಿಯಾಗಿ ಆರಿಸಿಕೊಂಡು, ಬೆಂಗಳೂರು ಎಫ್.ಸಿ. ತಂಡದ ಗೋಲು ಕಾದವರು ಗುರುಪ್ರೀತ್ ಸಿಂಗ್ ಸಂಧು. ಅವರ ಬಗ್ಗೆ ಇಂದು ನಾಲ್ಕು ಮಾತು ಹೇಳುತ್ತೇನೆ.

ಮುಂದಾಳು ಆಟಗಾರನಿಗೆ ಕೊನೆಯ ಹತ್ತು ನಿಮಿಷವಾದರೂ ಆಡುವ ಅವಕಾಶ ಸಿಗಬಹುದು. ಗೋಲ್‌ಕೀಪರ್ ಹಾಗಲ್ಲ. ತಂಡಕ್ಕೆ ಒಬ್ಬನೇ ಸಾಕು. ಎರಡನೆಯವನು ಎಷ್ಟೇ ಸಮರ್ಥನಾದರೂ ಬೆಂಚಿನ ಮೇಲೆ ಕಾಯಬೇಕು.

1992ರಲ್ಲಿ ಪಂಜಾಬಿನಲ್ಲಿ ಹುಟ್ಟಿದ ಗುರುಪ್ರೀತ್, ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಪಳಗಿದರು. 2014ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದರು. ಅಲ್ಲಿ ಐವರಿ ಕೋಸ್ಟಿನ ಸಾಯೂಬಾ ಮಾಂಡೆ ಮೊದಲ ಆಯ್ಕೆಯ ಗೋಲ್‌ಕೀಪರ್. ಊರಿನಲ್ಲೇ ಇದ್ದಿದ್ದರೆ ವಾರವಾರವೂ ಆಡಬಹುದಿತ್ತು. ಆದರೂ ಚಳಿಯ ನಾಡಿನಲ್ಲಿ ಅಭ್ಯಾಸ ಮಾಡುತ್ತಾ ಕಾದರು. ಲೀಗ್ ಪಂದ್ಯದಲ್ಲಿ ಮೊದಲ ಅವಕಾಶ ದೊರೆತದ್ದು 2016ರ ಮೇ ತಿಂಗಳಲ್ಲಿ! 2016ರ ಜೂನ್ 30ರಂದು ಯೂರೋಪಾ ಲೀಗ್ ಅರ್ಹತಾ ಪಂದ್ಯದಲ್ಲಿ ಆಡಿ, ಆ ಪಂದ್ಯಾವಳಿಯಲ್ಲಿ ಕಣಕ್ಕಿಳಿದ ಮೊದಲ ಭಾರತೀಯರೆನಿಸಿದರು. ವಿಧಿಯಾಟ ನೋಡಿ, ಅಂದೇ ಗಾಯಗೊಂಡು ಅರ್ಧ ವಿರಾಮಕ್ಕೆ ಮೊದಲೇ ಹೊರನಡೆಯಬೇಕಾಯಿತು.

2017ರಲ್ಲಿ ಅವರು ನಮ್ಮ ಬೆಂಗಳೂರಿಗೆ ಬಂದರು. 2018ರ ಮಾರ್ಚ್ 17ರಂದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಅಂತಿಮ ಪಂದ್ಯ. ತವರಿನ ಜನರೆದುರು, ಚೆನ್ನೈಯಿನ್ ತಂಡಕ್ಕೆ ಮೂರು ಗೋಲು ಬಿಟ್ಟುಕೊಟ್ಟು ಬೆಂಗಳೂರು 2–3ರಿಂದ ಸೋತಿತು. ಅಂಥ ದಿನ ಗೋಲ್‌ಕೀಪರನ ನೋವನ್ನು ನೀವೇ ಊಹಿಸಿಕೊಳ್ಳಿ. ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಮತ್ತೆ ಅಂತಿಮ ಪಂದ್ಯ. ಎದುರಾಳಿ ಎಫ್.ಸಿ. ಗೋವಾ. ಈ ಬಾರಿ 120 ನಿಮಿಷ ಗುರುಪ್ರೀತ್ ಒಂದು ಗೋಲನ್ನೂ ಬಿಡಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಏಕೈಕ ಗೋಲಿನಿಂದ ಬೆಂಗಳೂರು ಪ್ರಶಸ್ತಿ ಗೆದ್ದಿತು. ಆ ಋತುವಿನ ಶ್ರೇಷ್ಠ ಗೋಲ್‌ಕೀಪರನಿಗೆ ಸಲ್ಲುವ ಚಿನ್ನದ ಕೈಗವಸು ಪ್ರಶಸ್ತಿಯೂ ಅವರದಾಯಿತು.

ಮಿತ್ರರೇ, ಗೋಲು ಹೊಡೆದವನ ಹೆಸರು ಫಲಿತಾಂಶದ ಪಟ್ಟಿಯಲ್ಲಿ ಉಳಿಯುತ್ತದೆ. ತಡೆದವನ ಹೆಸರಿಗೆ ಅಲ್ಲಿ ಜಾಗವಿಲ್ಲ. ನಾಳೆ ನಿಮ್ಮನ್ನು ಬೆಂಚಿನ ಮೇಲೆ ಕೂರಿಸಿದರೆ ಬೇಸರಪಡಬೇಡಿ. ಆ ಕಾಯುವಿಕೆಯೂ ಅಭ್ಯಾಸದ ಒಂದು ಭಾಗ. ಹಾಗೆಯೇ, ನಾಳೆ ಸಂಜೆ ಮೈದಾನದಲ್ಲಿ ಆ ಪ್ರಶ್ನೆ ಬಂದಾಗ, ಒಮ್ಮೆ ನೀವೇ ಕೈ ಎತ್ತಿ ನೋಡಿ.